ಬೆನ್ನು ಕಂಡ ಸಾಕ್ಷಿ

1968 ಜುಲೈ 9, ಮಂಗಳವಾರ. ಜೋಗೇಶ್ವರಿ

ಕಂಪನಿ ನಾಟಕದಲ್ಲಿ ಎಷ್ಟು ಸಾವು ಸತ್ತಿದ್ದೇನೆ, ಎಷ್ಟು ಜನರನ್ನು ಕೊಂದಿದ್ದೇನೆ. ಕುಂಕುಮದ ನೀರನ್ನು ನೆತ್ತರೆಂದು ಊರೂರಿಗೆ ನಂಬಿಸಿದ್ದೇನೆ. ನಿಜವಾದ ನೆತ್ತರಿನ ಬಣ್ಣವೇ ಬೇರೆ. ಮಳೆನೀರಿನಲ್ಲಿ ಬೆರೆತು ಹರಿದಾಗ ಅದು ಕರಿ ಚಹಾದ ಹಾಗೆ ಇತ್ತು.

ಮರೆಪ್ಪ ಹೋದ. ಪಕ್ಕದ ಗುಡಿಸಿಲಿನವನು, ಗಾರೆ ಕೆಲಸದವನು, ಮುದ್ದೇಬಿಹಾಳದ ಕಡೆಯವನು. ಒಳಗೆ ಸೋರುತ್ತದೆಂದು ಹೆಂಡತಿ ಸುಂದ್ರವ್ವನನ್ನು ಒಣ ಮೂಲೆಗೆ ಮಲಗಿಸಿ ತಾನು ಬಾಗಿಲ ಮುಂದಿನ ತಗಡಿನ ಕೆಳಗೆ ಮಲಗಿದ್ದ. ತಲೆಗೆ ಒಂದೇ ಏಟು. ಮಲಾಡದಿಂದ ಅಂಧೇರಿಯವರೆಗೆ ಮಲಗಿದವರು ಮಲಗಿದಲ್ಲೇ ಸಾಯುತ್ತಿದ್ದಾರೆ ಎಂದು ಪೇಪರಿನಲ್ಲಿ ಓದುತ್ತಿದ್ದೆವು. ಅದು ನಮ್ಮ ಗಲ್ಲಿಗೇ ಬಂತು.

ಬೆಳಕು ಹರಿಯುವ ಹೊತ್ತಿಗೆ ನಾನು ಡಬ್ಬಿ ಹಿಡಿದು ಬಯಲಕಡೆಗೆ ಹೊರಟಿದ್ದೆ. ಮರೆಪ್ಪನ ಬಾಗಿಲ ಕಡೆಯಿಂದ ಒಬ್ಬ ರೈಲು ಹಳಿಯ ಕಡೆಗೆ ಹೋಗುತ್ತಿದ್ದ. ತಲೆಯಿಂದ ಮೊಣಕಾಲಿನವರೆಗೆ ಗೋಣಿಚೀಲದ ಕೊಪ್ಪೆ. ಬೆನ್ನು ಮಾತ್ರ ಕಂಡೆ. ಬಿರಬಿರನೆ ಕಾಲು ಹಾಕಿ ಮಳೆಯೊಳಗೆ ಕರಗಿ ಹೋದ. ಕಾರ್ಖಾನೆಯ ಪಾಳಿಗೆ ಹೊರಟವನು ಎಂದುಕೊಂಡೆ. ಮರುಗಳಿಗೆಯಲ್ಲೇ ಸುಂದ್ರವ್ವನ ಕೂಗು ಕೇಳಿತು.

ಪೊಲೀಸರಿಗೆ ಇಷ್ಟನ್ನೇ ಹೇಳಿದೆ. ಬೆನ್ನು ಎಲ್ಲರಿಗೂ ಇರುತ್ತದೆ ಎಂದು ಹವಾಲ್ದಾರ ಮರಾಠಿಯಲ್ಲಿ ಗೊಣಗಿ, ಬರೆದುಕೊಳ್ಳದೆ ಹೋದ.

ನನ್ನ ಹೆಂಡತಿ ಸೋಮವ್ವ ಬಡಿಸಿದ್ದನ್ನು ತಾಟಿನಲ್ಲೇ ಬಿಟ್ಟು ಎದ್ದೆ. ಮರೆಪ್ಪನ ಮುಂದಿನ ಹಲ್ಲು ಮುರಿದಿತ್ತು. ನಗುವಾಗ ನಾಚಿಕೊಂಡು ಆ ಸಂದಿಗೆ ನಾಲಗೆ ಅಡ್ಡ ಇಡುತ್ತಿದ್ದ. ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ.

ಜುಲೈ 12

ಗಲ್ಲಿಯ ಗಂಡಸರು ಕೋಲು ಹಿಡಿದು ಸರದಿಯ ಮೇಲೆ ಕಾಯುತ್ತಿದ್ದಾರೆ. ಗೊತ್ತಿಲ್ಲದ ಮುಖ ಕಂಡರೆ ಸಾಕು, ಸುತ್ತುಗಟ್ಟುತ್ತಾರೆ. ನಿನ್ನೆ ಒಬ್ಬ ಬಳೆಗಾರನಿಗೆ ಹೊಡೆತ ಬಿತ್ತು.

ಕಾರ್ಖಾನೆಯಿಂದ ಬಂದರೆ ಚಹಾದ ಅಂಗಡಿಯ ಮುಂದೆ ಜನ ನನಗಾಗಿ ಕಾದಿದ್ದರು. ಮಾಸ್ತರ, ಏನು ಕಂಡಿರಿ ಹೇಳಿ, ಮೊದಲಿನಿಂದ ಹೇಳಿ ಎಂದರು. ಹೇಳಿದೆ. ಬೆನ್ನು ಮಾತ್ರ ಕಂಡೆ ಎಂದಾಗ ಅವರ ಮುಖ ಬಾಡಿದ್ದನ್ನು ನೋಡಿದೆ. ಎರಡನೆಯ ಸಲ ಹೇಳುವಾಗ ನೆನಪಾಯಿತು: ಅವನು ಒಮ್ಮೆ ನಿಂತಿದ್ದ. ನಿಂತು ಅರ್ಧ ತಿರುಗಿದ್ದ. ಕೊಪ್ಪೆಯ ಒಳಗಿಂದ ಕಣ್ಣು ಹೊಳೆದಿತ್ತು. ಅಂಜಿಕೆಯಲ್ಲಿ ಇದೆಲ್ಲ ಹೇಗೆ ಮರೆತಿತ್ತೋ.

ಚಹಾದವನು ಒಲೆ ಮೇಲೆ ಉಕ್ಕುವ ಹಾಲನ್ನು ಬಿಟ್ಟು ಕೇಳುತ್ತ ನಿಂತ. ಸೊಲ್ಲಾಪುರದಲ್ಲಿ ಕಂಪನಿ ಮುರಿದು ಬಿದ್ದ ಮೇಲೆ ನನ್ನ ಮಾತಿಗೆ ಇಂಥ ಮೌನ ಸಿಕ್ಕಿದ್ದು ಇದೇ ಮೊದಲು. ಡಬ್ಬಿ ಕಾರ್ಖಾನೆಯಲ್ಲಿ ತಗಡಿನ ಸದ್ದಿಗೆ ಹುಗಿದುಹೋಗಿದ್ದ ದನಿ ಇವತ್ತು ಹೊಟ್ಟೆಯಿಂದ ಎದ್ದು ಬಂತು.

ಪಾಪ ಮರೆಪ್ಪ.

ಜುಲೈ 18

ವಿಲೆ ಪಾರ್ಲೆಯಲ್ಲಿ ಮತ್ತೊಂದು ಕೊಲೆ. ಪೇಪರಿನವರು ಪೊಲೀಸರ ಮಾನ ಹರಾಜು ಹಾಕುತ್ತಿದ್ದಾರೆ. ಈಗ ಪೊಲೀಸ್ ಸ್ಟೇಶನ್ನಿನಲ್ಲಿ ನನಗೆ ಕುರ್ಚಿ, ಚಹಾ. ಇನ್ಸ್‌ಪೆಕ್ಟರ್ ಸಾಹೇಬರು ಮರಾಠಿ ನಾಟಕದ ಹುಚ್ಚಿನವರಂತೆ. ನಾನು ಕಂಪನಿಯಲ್ಲಿದ್ದವನು ಎಂದಾಗ ಎದ್ದು ಕೈ ಕುಲುಕಿದರು. ಎಲ್ಲ ಕೇಳಿದ ಮೇಲೆ ಅಂದರು, "ಬೋಲೊ ಮತ್. ಕರಕೆ ದಿಖಾವ್."

ಎಷ್ಟು ವರ್ಷದ ಮೇಲೆ ಯಾರೋ ನನಗೆ ಮಾಡಿ ತೋರಿಸು ಎಂದರು.

ಬಾಗಿಲ ಆಚೆ ಹೋದೆ. ಅದೇ ನನ್ನ ಸೈಡ್‌ವಿಂಗ್. ಒಂದು ಉಸಿರು ಹಿಡಿದೆ. ಒಳಗೆ ಬಂದೆ. ಕಂಪನಿಯ ಮಾಲಕರು ಹೊಡೆದು ಕಲಿಸಿದ ಪಾಠ ಮೈಯಲ್ಲೇ ಇದೆ. ಖಳ ರಂಗದ ಮೇಲೆ ಕಾಲಿಟ್ಟರೆ ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಇವನೇ ಖಳ ಎಂದು ಗೊತ್ತಾಗಬೇಕು. ಮುಖ ಅಷ್ಟು ದೂರ ಕಾಣುವುದಿಲ್ಲ. ಅದಕ್ಕೇ ಎಡಗಾಲು ಎಳೆಯಬೇಕು. ಸೇನಾಪತಿಯಿರಲಿ, ಸಾವುಕಾರನಿರಲಿ, ಖಳನಾದರೆ ನಮ್ಮ ಕಂಪನಿಯಲ್ಲಿ ಎಡಗಾಲು ಎಳೆಯದೆ ಪ್ರವೇಶವಿಲ್ಲ.

ಎಡಗಾಲು ತಾನಾಗಿಯೇ ಎಳೆಯಿತು. ಬಾಗಿಲಿನಿಂದ ಮೇಜಿನವರೆಗೆ ಬಂದೆ. ಕೋಣೆಯಲ್ಲಿದ್ದ ಪೇದೆ ಎರಡು ಹೆಜ್ಜೆ ಹಿಂದೆ ಸರಿದ.

"ಲಂಗಡಾ ಥಾ?" ಕುಂಟನಿದ್ದನೇ ಎಂದು ಸಾಹೇಬರು ಕೇಳಿದರು.

ಆ ಗಳಿಗೆಯಲ್ಲಿ ಎಲ್ಲ ನಿಚ್ಚಳವಾಗಿ ಕಂಡಿತು. ಮಳೆ, ಕೊಪ್ಪೆ, ಕೆಸರಿನಲ್ಲಿ ಎಳೆದುಕೊಂಡು ಹೋಗುತ್ತಿದ್ದ ಕಾಲು. ಹೌದು ಎಂದೆ. ಸಾಹೇಬರು ಬರೆದುಕೊಂಡರು.

ಆಗಸ್ಟ್ 1

ಸುಂದ್ರವ್ವ ಊರಿಗೆ ಹೋದಳು. ಸೋಮವ್ವ ಬುತ್ತಿ ಕಟ್ಟಿಕೊಟ್ಟು ಸ್ಟೇಶನ್ನಿನ ತನಕ ಹೋಗಿಬಂದಳು. ನನಗೆ ಆಗಲಿಲ್ಲ, ಕಾರ್ಖಾನೆಯ ಮಾಲಕನ ಮನೆಯವರಿಗೆ ಘಟನೆ ಹೇಳಬೇಕಿತ್ತು.

ಆಗಸ್ಟ್ 5, ಸೋಮವಾರ

ಸಿಕ್ಕಿದ.

ಜೈಲಿನ ಅಂಗಳದಲ್ಲಿ ಹತ್ತು ಜನರನ್ನು ಸಾಲಾಗಿ ನಿಲ್ಲಿಸಿದ್ದರು. ಮ್ಯಾಜಿಸ್ಟ್ರೇಟರು ಕೊಡೆಯ ಕೆಳಗೆ ಕೂತಿದ್ದರು. ಗುರುತಿಸು ಎಂದರು. ಹತ್ತೂ ಮುಖ ನೋಡಿದೆ. ಎಲ್ಲದರಲ್ಲೂ ಒಂದೇ ಹೆದರಿಕೆ. ಒಂದು ಸುತ್ತು ಬಂದೆ, ಎರಡು ಸುತ್ತು ಬಂದೆ. ಮಾತು ಮರೆತ ನಟ ಪರದೆಯ ಹಿಂದಿನಿಂದ ಯಾರಾದರೂ ಸಾಲು ಎತ್ತಿಕೊಟ್ಟಾರೇನೋ ಎಂದು ಕಾಯುವ ಹಾಗೆ ಆಯಿತು. ಕಡೆಗೆ, ಇವರನ್ನು ನಡೆಸಿರಿ ಎಂದೆ.

ನಡೆದರು. ಒಬ್ಬನ ಎಡಗಾಲು ಎಳೆಯಿತು.

ನಾನು ಸ್ಟೇಶನ್ನಿನಲ್ಲಿ ಮಾಡಿ ತೋರಿಸಿದ ನಡಿಗೆಯೇ. ಅದೇ ಓಲಾಟ, ಅದೇ ಎಳೆತ. ಮೈ ಜುಮ್ಮೆಂದಿತು. ಇದಕ್ಕಿಂತ ದೊಡ್ಡ ಪುರಾವೆ ಬೇಕೇ? ಕೈ ಎತ್ತಿ ತೋರಿಸಿದೆ, ಅಂಗಳವೆಲ್ಲ ಮೊಳಗುವಂತೆ ಇವನೇ ಎಂದೆ.

ಅವನು ನನ್ನನ್ನು ನೋಡಿ ನಮ್ಮ ಸೀಮೆಯ ಮಾತಿನಲ್ಲೇ ಸಣ್ಣಗೆ ಕೇಳಿದ, "ಅಣ್ಣಾರ, ನನ್ನ ನೀವು ಯಾವಾಗ ನೋಡೀರಿ?"

ಹೆಸರು ಗೌಸ. ಇಂಡಿ ತಾಲೂಕಿನ ಕಡೆಯವನು. ಮನೆಮನೆಗೆ ಹೋಗಿ ಗಾದಿಯ ಹತ್ತಿ ಹಿಂಜಿಕೊಡುವ ಪಿಂಜಾರ. ಮಳೆಗಾಲದಲ್ಲಿ ಹಿಂಜುವ ಕೆಲಸವಿಲ್ಲ, ಆದರೂ ಗಲ್ಲಿ ಸುತ್ತುತ್ತಿದ್ದನಂತೆ. ಹತ್ತಿ ಹಿಂಜುವ ಬಿಲ್ಲಿನ ದಾರಕ್ಕೆ ಬಡಿಯುವ ಮರದ ಕೊಡತಿ ಜೋಳಿಗೆಯಲ್ಲೇ ಇತ್ತಂತೆ. ತಲೆ ಒಡೆಯಲು ಇನ್ನೇನು ಬೇಕು?

ಗಲ್ಲಿಯವರು ನನ್ನನ್ನು ಹೆಗಲ ಮೇಲೆ ಎತ್ತಲಿಲ್ಲ, ಅಷ್ಟೇ ಬಾಕಿ. ಒಳಗೆ ಬಂದರೆ ಸೋಮವ್ವ ಒಲೆಯ ಮುಂದೆ ಕೂತು ತಿರುಗಿ ನೋಡದೆ ಅಂದಳು, "ಅವತ್ತ ಬರೇ ಬೆನ್ನ ಕಂಡೆ ಅಂದಿದ್ರಿ. ಬಿರಬಿರ ಹೋದ ಅಂದಿದ್ರಿ. ಕುಂಟ ಬಿರಬಿರ ಹ್ಯಾಂಗ ಹೋಗ್ತಾನ?"

ಅಂಜಿಕೆಯಲ್ಲಿ ಆಡಿದ ಮಾತು ಅದು, ನೆನಪು ತಿಳಿಯಾಗಲು ದಿನ ಬೇಕು ಎಂದು ತಿಳಿಸಿ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಲೇ ಇದ್ದಳು. ಹೆಂಗಸರಿಗೆ ರಂಗದ ಸೂಕ್ಷ್ಮ ತಿಳಿಯುವುದಿಲ್ಲ.

ಆಗಸ್ಟ್ 14

ಗೌಸನ ಹೆಂಡತಿ ಬೀಬೀಜಾನ ಬಂದಿದ್ದಳು. ಹೊಸ್ತಿಲ ಆಚೆಯೇ ಕೂತಳು. ಅವನ ಕಾಲಿನ ಮೇಲೆ ಗದಗಿನ ಜಿನ್ನಿಂಗ್ ಗಿರಣಿಯಲ್ಲಿ ಹತ್ತಿಯ ಮೂಟೆ ಬಿದ್ದಿತ್ತಂತೆ. ಮರೆಪ್ಪ ಸತ್ತ ಬೆಳಗಿನಲ್ಲಿ ಜ್ವರ ಬಂದು ಮನೆಯಲ್ಲೇ ಮಲಗಿದ್ದನಂತೆ. ಹೆಂಡತಿಯ ಮಾತನ್ನು ಪೊಲೀಸರು ಲೆಕ್ಕಕ್ಕೆ ಹಿಡಿಯಲಿಲ್ಲವಂತೆ. ನಿಮ್ಮ ಮಾತೊಂದೇ ಅವನ ಕೊರಳಿಗೆ ಬಿಗಿದಿದೆ ಎಂದಳು.

ನಾನು ಎದ್ದು ನಿಂತು ಹೇಳಿದೆ, "ತಂಗೀ, ಸತ್ಯಕ್ಕೆ ಊರಿಲ್ಲ, ಕುಲವಿಲ್ಲ, ಕರುಣೆಯೂ ಇಲ್ಲ."

ಒಳ್ಳೆಯ ಮಾತು ಬಂತು. ಹೊರಗೆ ನಿಂತವರು ತಲೆದೂಗಿದರು. ಬೀಬೀಜಾನ ಸೆರಗು ಸರಿಮಾಡಿಕೊಂಡು ಹೋದಳು. ಸೋಮವ್ವ ಅವಳ ಹಿಂದೆ ಹೋಗಿ ಬಹಳ ಹೊತ್ತಿನ ಮೇಲೆ ಬಂದಳು.

ಸೆಪ್ಟೆಂಬರ್ 2

ಬೇರೆ ಒಬ್ಬ ಸಿಕ್ಕಿದ್ದಾನೆ. ಎಲ್ಲ ತಾನೇ ಮಾಡಿದ್ದು ಎಂದು ಒಪ್ಪಿಕೊಂಡನಂತೆ. ಕಬ್ಬಿಣದ ಸಲಾಕೆ ಎಸೆದ ಜಾಗ ತೋರಿಸಿದನಂತೆ. ಅವನು ಕೊಂದವರ ಪಟ್ಟಿಯಲ್ಲಿ ಮರೆಪ್ಪನೂ ಇದ್ದಾನೆ. ಗಲ್ಲಿಯವರು ಕೋಲು ಒಳಗಿಟ್ಟು ನಿದ್ದೆ ಮಾಡುತ್ತಿದ್ದಾರೆ.

ಸ್ಟೇಶನ್ನಿಗೆ ಕರೆಸಿದ್ದರು. ದೂರದಿಂದ ತೋರಿಸಿದರು. ಎತ್ತರದ ಆಳು. ಇಬ್ಬರು ಪೇದೆಗಳ ನಡುವೆ ನೆಟ್ಟಗೆ, ಬಿರಬಿರನೆ ನಡೆದುಹೋದ.

ಇವನಿರಬಹುದೇ ಎಂದು ಸಾಹೇಬರು ಕೇಳಿದರು. ಈ ಸಲ ಕುರ್ಚಿ ಇರಲಿಲ್ಲ. ನಾನು ಕಂಡದ್ದು ಇವನನ್ನಲ್ಲ, ಇವನ ಜೋಡಿ ಇನ್ನೊಬ್ಬನಿದ್ದಿರಬಹುದು ಎಂದೆ. ಸಾಹೇಬರು ಫೈಲು ಮುಚ್ಚಿದರು. ಆಮೇಲೆ ನೀನು ಹೋಗು ಎಂದರು.

ನೆಟ್ಟಗೆ ನಡೆಯುವವನಲ್ಲಿ ಏನಿದೆ? ಅಂಥವನನ್ನು ರಂಗದ ಮೇಲೆ ಬಿಟ್ಟರೆ ಒಂದು ಕೂಸೂ ಬೆಚ್ಚುವುದಿಲ್ಲ.

1969 ಮಾರ್ಚ್ 21

ಗೌಸನನ್ನು ಬಿಟ್ಟರಂತೆ. ಜೋಡಿಯವನಿರಬಹುದೆಂಬ ಅನುಮಾನದ ಮೇಲೆ ಇಷ್ಟು ದಿನ ಒಳಗಿದ್ದ. ನಮ್ಮ ಗಲ್ಲಿಯ ಆಚೆ, ನಾಲೆಯ ದಂಡೆಯಲ್ಲಿ ಬೀಬೀಜಾನ ಇರುವ ಗುಡಿಸಿಲಿಗೇ ಬಂದಿದ್ದಾನೆ. ಸೋಮವ್ವ ಜೋಳದ ಹಿಟ್ಟು ಕೊಟ್ಟುಬಂದಳು. ಕೂದಲು ಬೆಳ್ಳಗಾಗಿದೆ ಎಂದಳು.

1972 ನವೆಂಬರ್ 20

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ಇವತ್ತು ಬರೆಯಲೇಬೇಕು.

ಅಂಧೇರಿಯ ಸಿನೆಮಾ ಕಂಪನಿಯೊಂದು ಆ ಕೊಲೆಗಳ ಮೇಲೆ ಚಿತ್ರ ತೆಗೆಯುತ್ತಿದೆ. ಹಳೆಯ ಪೇಪರಿನಲ್ಲಿ ನನ್ನ ಹೆಸರು ಹುಡುಕಿ ಕರೆಸಿಕೊಂಡರು. ಡೈರೆಕ್ಟರು ಕೇಳಿದ್ದೂ ಅದನ್ನೇ: ಮಾಡಿ ತೋರಿಸು. ಸ್ಟುಡಿಯೋದ ನೆಲದ ಮೇಲೆ, ನೆತ್ತಿಯ ಮೇಲೆ ದೀಪ ಉರಿಯುತ್ತಿರಲು, ಬಂದೆ. ಎಡಗಾಲು ಎಳೆಯುತ್ತ ಬಂದೆ. ದೀಪದವರು ಕೈ ತಟ್ಟಿದರು. ಖಳನ ಪಾತ್ರದ ನಟ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ, ಕಲಿಸಿಕೊಡಿ ಉಸ್ತಾದ್ ಎಂದ. ಉಸ್ತಾದ್. ಕಾರ್ಖಾನೆಯಲ್ಲಿ ನನ್ನನ್ನು ಕರೆಯುವುದು ಏ ಅಣ್ಣಾ ಎಂದು.

ಸಿಕ್ಕವನು ಕುಂಟನಾಗಿರಲಿಲ್ಲವಲ್ಲ ಎಂದು ಡೈರೆಕ್ಟರು ಕೇಳಿದರು. ಕಾನೂನಿಗೆ ಕಂಡವನು ಬೇರೆ, ನನ್ನ ಕಣ್ಣಿಗೆ ಕಂಡವನು ಬೇರೆ ಎಂದೆ. ವಾಹ್ ಎಂದು ತೊಡೆ ತಟ್ಟಿಕೊಂಡರು.

ಗುಡಿಸಿಲಿನ ಮುಂದೆ ಸತ್ತವನ ಪಾತ್ರಕ್ಕೆ ಎಂಥವನನ್ನು ಹಾಕೋಣ ಎಂದೂ ಕೇಳಿದರು. ಮರೆಪ್ಪನ ಮುಖ ಹೇಗಿತ್ತೆಂದು ಎಷ್ಟು ಯೋಚಿಸಿದರೂ ಬರಲಿಲ್ಲ. ಸಾಧಾರಣ ಮನುಷ್ಯ, ಯಾರಾದರೂ ನಡೆಯುತ್ತದೆ ಎಂದೆ.

1973 ಜೂನ್ 15

ಚಿತ್ರ ಬಿಡುಗಡೆಯಾಗಿದೆ. ಸೋಮವ್ವ ಬರಲಿಲ್ಲ, ಒಬ್ಬನೇ ಹೋದೆ. ಪರದೆಯ ಮೇಲೆ ಮೊದಲು ಕಂಡದ್ದು ಕಾಲು ಮಾತ್ರ. ಕೆಸರಿನಲ್ಲಿ ಎಳೆಯುವ ಎಡಗಾಲು, ಅದರ ಸದ್ದು. ಥೇಟರು ಉಸಿರು ಬಿಗಿಹಿಡಿಯಿತು. ಪಕ್ಕದ ಹೆಂಗಸು ಕೂಸಿನ ಕಣ್ಣು ಮುಚ್ಚಿದಳು. ಅದು ನನ್ನ ಕಾಲು ಎಂದು ಎದ್ದು ಕೂಗಬೇಕೆನಿಸಿತು.

ಜುಲೈ 22

ಅಂಧೇರಿ ಸ್ಟೇಶನ್ನಿನ ಸೇತುವೆಯ ಮೇಲೆ ಹರೆಯದವರು ಕಾಲೆಳೆದು ನಡೆದು ಹುಡುಗಿಯರನ್ನು ಹೆದರಿಸುತ್ತಾರೆ. ಇಷ್ಟು ದೂರ ಹೋಯಿತು ನನ್ನ ವಿದ್ಯೆ.

ಗೌಸನಿಗೆ ಕೆಲಸ ಸಿಗುತ್ತಿಲ್ಲವೆಂದು ಸೋಮವ್ವ ಅಂದಳು. ಬಿಲ್ಲು ಹೊತ್ತು ಗಲ್ಲಿಗೆ ಹೋದರೆ ಬಾಗಿಲು ಹಾಕಿಕೊಳ್ಳುತ್ತಾರಂತೆ. ಅವನನ್ನು ಒಮ್ಮೆ ಪೊಲೀಸರು ಹಿಡಿದಿದ್ದರೆಂದು ಯಾರೋ ನೆನಪು ಮಾಡಿದರಂತೆ, ಸಿನೆಮಾದವನು ಇವನೇ ಎಂದು ಸುದ್ದಿಯಾಯಿತಂತೆ. ಮೊನ್ನೆ ಕಲ್ಲು ಬಿದ್ದು ಹಣೆ ಒಡೆದಿದೆ. ಜನ ಚಿತ್ರವನ್ನು ಚಿತ್ರವೆಂದು ನೋಡಬೇಕು. ನಾನೇನು ಮಾಡಲಿ?

ಸೆಪ್ಟೆಂಬರ್ 3

ಗಲ್ಲಿಯ ಗಣಪತಿ ಮಂಡಳಿಯವರು ನನಗೆ ಶಾಲು ಹೊದಿಸುತ್ತಾರಂತೆ. ನಮ್ಮ ಕಡೆಯವರೆಲ್ಲ ಸೇರುತ್ತಾರೆ. ವೇದಿಕೆ, ಮೈಕು, ಎಲ್ಲ ಇದೆ.

ಸಂಜೆ ಬೀಬೀಜಾನ ಬಂದಳು. ಈ ಸಲ ಸೋಮವ್ವ ಅವಳ ಕೈ ಹಿಡಿದು ಒಳಗೆ ಕರೆದು ಕೂರಿಸಿದಳು. ಬೀಬೀಜಾನ ಅಳಲಿಲ್ಲ. ಹೇಳಿ ಹೇಳಿ ಸವೆದ ಮಾತನ್ನು ಹೇಳುವವಳ ಹಾಗೆ ಹೇಳಿದಳು.

"ಅಣ್ಣಾರ, ನಮಗ ಏನೂ ಕೊಡಬ್ಯಾಡ್ರಿ. ಅವತ್ತ ಮಂದಿ ಕೂಡಿರ್ತಾರ, ನಿಮ್ಮ ಮಾತ ಕೇಳ್ತಾರ. ನಾ ಮಾರಿ ನೋಡಿಲ್ಲ, ಕಾಲ ನೋಡಿಲ್ಲ, ಅಂವ ಗೌಸ ಅಲ್ಲ ಅಂತ, ಇಷ್ಟ ಒಂದ ಸಲ ಹೇಳ್ರಿ. ಹೇಳಿದ್ರ ಇಲ್ಲೇ ದುಡಕೊಂಡು ತಿಂತೀವಿ. ಇಲ್ಲಾಂದ್ರ ಊರಾಗೂ ಯಾರಿಲ್ಲ, ಎಲ್ಲಿ ಹೋಗೂದು?"

ನನ್ನ ಮನಸ್ಸು ಕಲ್ಲೇನಲ್ಲ. ಹೇಳುತ್ತೇನೆ ತಂಗೀ ಎಂದು ಮಾತು ಕೊಟ್ಟೆ. ಅವಳು ಹೋದ ಮೇಲೆ ಸೋಮವ್ವ ನನ್ನ ತಾಟಿಗೆ ತುಪ್ಪ ಹಾಕಿದಳು. ಎಷ್ಟು ವರ್ಷವಾಗಿತ್ತೋ.

ಸೆಪ್ಟೆಂಬರ್ 5

ಭಾಷಣ ಬರೆದೆ. ಮೊದಲು ಮಳೆಯ ವರ್ಣನೆ, ಆಮೇಲೆ ಮರೆಪ್ಪನ ಸಾವು, ಆಮೇಲೆ ಸತ್ಯದ ಮಹಿಮೆ, ಕೊನೆಗೆ ಗೌಸನ ಮಾತು. ಮೂರು ಪುಟವಾಯಿತು. ಸೋಮವ್ವನಿಗೆ ಓದಿ ತೋರಿಸಿದೆ.

"ಇಷ್ಟ್ಯಾಕ? ಆಕಿ ಹೇಳಿದ್ದ ಒಂದ ಮಾತ ಹೇಳಿ ಇಳೀರಿ" ಎಂದಳು.

ಒಂದು ಮಾತು ಹೇಳಿ ಇಳಿಯುವವನಿಗೆ ಶಾಲು ಯಾಕೆ ಹೊದಿಸುತ್ತಾರೆ?

ಸೆಪ್ಟೆಂಬರ್ 6

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮಂಟಪ ತುಂಬಿತ್ತು. ಹೆಂಗಸರ ಕಡೆ ಬೀಬೀಜಾನ, ಅವಳ ಪಕ್ಕ ಸೋಮವ್ವ. ಗಂಡಸರ ಕಡೆ ಕಂಬಕ್ಕೆ ಒರಗಿ ಗೌಸ. ನಾನು ಹೇಳುವಾಗ ಜನ ಅವನ ಮುಖ ನೋಡಲಿ ಎಂದು ಬೀಬೀಜಾನಳೇ ಕರೆತಂದು ಕೂರಿಸಿದ್ದಳು. ಒಗೆದ ಅಂಗಿ ಹಾಕಿದ್ದ. ಅಕ್ಕಪಕ್ಕದವರು ಸ್ವಲ್ಪ ಜರುಗಿ ಕೂತಿದ್ದರು.

ದನಿ ಚೆನ್ನಾಗಿ ಎದ್ದಿತ್ತು. ಮಳೆ ಬಂತು, ಕೊಪ್ಪೆ ಬಂತು, ಜನ ಕಲ್ಲಾದರು. ಬಂಧುಗಳೇ, ಆ ಮುಂಜಾವಿನಲ್ಲಿ ನನ್ನ ಕಣ್ಣು ಕಂಡದ್ದು ಏನು, ಎಂದು ಕೇಳಿ ನಿಲ್ಲಿಸಿದೆ. ಅಲ್ಲಿ ನಿಲ್ಲಿಸಲೇಬೇಕು. ಮುಂದಿನ ಮಾತಿಗೆ ತೂಕ ಬರುವುದೇ ಆ ಮೌನದಿಂದ.

ಆ ಮೌನದೊಳಗೆ ಹಿಂದಿನಿಂದ ಒಬ್ಬ ಕೂಗಿದ, "ಮಾಸ್ತರ, ನಡದು ತೋರಸ್ರಿ."

ಸಿಳ್ಳೆ ಬಿತ್ತು. ಎಲ್ಲರೂ ನಡಿಗೆ, ನಡಿಗೆ ಎಂದರು. ಒಮ್ಮೆ ತೋರಿಸಿ ಆಮೇಲೆ ಹೇಳಿದರೆ ಮಾತು ಇನ್ನೂ ನಾಟುತ್ತದೆ ಎಂದುಕೊಂಡೆ. ವೇದಿಕೆಯ ಪಕ್ಕದ ಪರದೆಯ ಹಿಂದೆ ಹೋದೆ. ಮೈಕಿನವನು ಸಿನೆಮಾದ ಸಂಗೀತದ ಗ್ರಾಮಫೋನ್ ತಟ್ಟೆ ಹಾಕಿಬಿಟ್ಟ. ಬಂದೆ. ದೇವರಾಣೆ, ಅಂಥ ಪ್ರವೇಶ ನನ್ನ ಜನ್ಮದಲ್ಲಿ ಮಾಡಿರಲಿಲ್ಲ. ಒನ್ಸ್ ಮೋರ್ ಎಂದರು. ಮತ್ತೆ ಬಂದೆ. ಮತ್ತೆ ಕೂಗಿದರು. ಅಷ್ಟರಲ್ಲಿ ಆರತಿಯ ಹೊತ್ತಾಯಿತೆಂದು ಮಂಡಳಿಯವರು ಶಾಲು ಹೊದಿಸಿ, ಹಾರ ಹಾಕಿ, ಮೈಕು ತೆಗೆದುಕೊಂಡರು. ನಾನು ಕೈ ಎತ್ತಿದೆ, ಬಾಯಿ ತೆರೆದೆ. ಗಂಟೆ, ಜಾಗಟೆ ಶುರುವಾದವು.

ಆಗ ಗೌಸ ಎದ್ದ. ಕಂಬದಿಂದ ಬಾಗಿಲಿನವರೆಗೆ ಸಾಲುಗಳ ನಡುವೆ ನಡೆದೇ ಹೋಗಬೇಕು, ಬೇರೆ ದಾರಿ ಇರಲಿಲ್ಲ. ನಡೆದ. ಒಬ್ಬ ನೋಡಿದ, ಹತ್ತು ಜನ ನೋಡಿದರು. ಅವನ ಹೆಜ್ಜೆಗೆ ಸರಿಯಾಗಿ ಯಾರೋ ಚಪ್ಪಾಳೆ ಹಾಕತೊಡಗಿದರು. ಆಮೇಲೆ ಆ ಕಡೆಯ ಮಂಟಪವೆಲ್ಲ ಹಾಕಿತು. ಬೀಬೀಜಾನ ಎದ್ದು ಹೋಗಿ ಅವನ ಎಡಗಡೆ ನಿಂತು, ಆ ಕಾಲು ಕಾಣದ ಹಾಗೆ ಸೆರಗು ಅಡ್ಡ ಹಿಡಿದುಕೊಂಡು ನಡೆದಳು.

ವೇದಿಕೆಯ ಮೇಲಿಂದ ನನಗೆ ಚೆನ್ನಾಗಿ ಕಾಣುತ್ತಿತ್ತು. ಅವನ ನಡಿಗೆ ಅಷ್ಟು ಎದ್ದು ಕಾಣುವುದಿಲ್ಲ. ಪಾದ ಪೂರ್ತಿ ಎಳೆಯುವುದಿಲ್ಲ, ಎತ್ತಲು ನೋಡುತ್ತಾನೆ. ಹಿಂದಿನ ಸಾಲಿಗೆ ತಲುಪುವುದಿಲ್ಲ.

ಸೆಪ್ಟೆಂಬರ್ 9

ನಾಲೆಯ ದಂಡೆಯ ಗುಡಿಸಿಲು ಖಾಲಿ. ಬಿಲ್ಲನ್ನೂ ಬಿಟ್ಟು ಹೋಗಿದ್ದಾರೆ. ಎಲ್ಲಿಗೆಂದು ಯಾರಿಗೂ ಹೇಳಿಲ್ಲ. ಸೋಮವ್ವ ಅವರನ್ನು ದಾದರಿನವರೆಗೆ ಬಿಟ್ಟುಬರಲು ನಿನ್ನೆ ಬೆಳಿಗ್ಗೆ ಹೋದಳು. ಇನ್ನೂ ಬಂದಿಲ್ಲ. ಅವಳ ಎರಡು ಸೀರೆ ಗೂಟದ ಮೇಲೆ ಇಲ್ಲ.

ಕೋಣೆಯ ನಡುವೆ ಒಬ್ಬನೇ ನಿಂತು ಆ ಮಾತನ್ನು ಹೇಳಿ ನೋಡಿದೆ. ನಾನು ಮುಖ ನೋಡಿಲ್ಲ, ಕಾಲು ನೋಡಿಲ್ಲ, ಅವನು ಗೌಸನಲ್ಲ. ದನಿ ಸರಿಯಾಗಿಯೇ ಬಂತು. ಆದರೆ ಬಹಳ ಚಿಕ್ಕ ಮಾತು. ಅದರ ಕೊನೆಯಲ್ಲಿ ಚಪ್ಪಾಳೆ ಬೀಳುವ ಜಾಗವೇ ಇಲ್ಲ.